ಕೆಂಜಳಿಲಿನ ಬಗ್ಗೆ ನಾವು ನಿಶ್ಚಿಂತರಾಗಿರಬಹುದೇ?

ವಸುಧಾ: ಅಳಿವಿನ ಅಪಾಯಕ್ಕೆ ತಕ್ಕಂತೆ ಜೀವಿಗಳನ್ನು ವರ್ಗೀಕರಿಸುವ, ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪು ಪಟ್ಟಿಯಲ್ಲಿ ನಮ್ಮ ಕಾಡಿನ ದೊಡ್ಡ ಅಳಿಲಾದ ಕೆಂಜಳಿಲು ‘ಕನಿಷ್ಠ ಕಾಳಜಿ’ಯ ವರ್ಗದಲ್ಲಿರುವುದರಿಂದ ಅದರ ಬಗ್ಗೆ ಚಿಂತಿಸಬೇಕಾಗಿಲ್ಲ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಆ ವರ್ಗೀಕರಣ ಇಡೀ ಪ್ರಭೇದ ಅಳಿಯುವ ಅಪಾಯವನ್ನು ಅಳೆಯುತ್ತದೆಯೇ ಹೊರತು ಒಂದೊಂದು ಕಾಡಿನಲ್ಲಿ ಅದರ ಪಾಡೇನು ಎಂಬುದನ್ನಲ್ಲ; ಸಂಖ್ಯೆ ಇಳಿಮುಖವಾಗಿದೆ ಎಂದೂ ಅದೇ ಪಟ್ಟಿ ದಾಖಲಿಸಿದೆ. ಗುಜರಾತಿನ ಡಾಂಗ್ಸ್ ಕಾಡಿನಲ್ಲಿದ್ದ ತಿಳಿಬಣ್ಣದ ಉಪಪ್ರಭೇದ ಅಳಿದುಹೋಗಿದೆ ಎಂದೇ ಭಾವಿಸಲಾಗಿದೆ.

ಶ್ರೀಧರ: ಭದ್ರಾ, ನಾಗರಹೊಳೆ, ದಾಂಡೇಲಿಯ ಕಾಡುಗಳಲ್ಲಿ ಕೆಂಜಳಿಲು ಇಂದಿಗೂ ಕಾಣಸಿಗುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದರ ಬೇಟೆಯನ್ನು ನಿಷೇಧಿಸಿದೆ, ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲೂ ಅದು ಸೇರಿದೆ. ಇರುವ ಅಲ್ಪ ಹಣವನ್ನು ಸಿಂಗಳೀಕದಂಥ ಹೆಚ್ಚು ಅಪಾಯದಲ್ಲಿರುವ ಪ್ರಾಣಿಗಳಿಗೆ ಮೊದಲು ಮೀಸಲಿಡುವುದೇ ಸರಿಯಲ್ಲವೇ?

ಮಲ್ಲಿಕಾ: ಬೇಟೆ ನಿಂತರೂ ಮರಗಳ ನಡುವಿನ ಕೊಂಡಿ ಕಳಚಿದರೆ ಈ ಪ್ರಾಣಿ ಉಳಿಯದು. ಸುಮಾರು ಎರಡು ಕಿಲೋ ತೂಗುವ ಕೆಂಜಳಿಲು ಹಿಂಗಾಲುಗಳಿಂದ ಕೊಂಬೆಯನ್ನು ಹಿಡಿದು, ತಲೆಕೆಳಗಾಗಿ ಜೋತುಬಿದ್ದು, ಮೈಗಿಂತ ಉದ್ದದ ಬಾಲದಿಂದ ತೂಕ ಸರಿದೂಗಿಸಿಕೊಳ್ಳುತ್ತಾ ಮುಂಗೈಗಳಲ್ಲಿ ಹಣ್ಣನ್ನು ತಿರುಗಿಸಿ ತಿನ್ನುವುದನ್ನು ನೋಡಿದವರಿಗೆ, ಅದರ ಬದುಕೆಲ್ಲ ಮರದ ಮೇಲೆಯೇ ಎಂಬುದು ತಾನಾಗಿಯೇ ಮನವರಿಕೆಯಾಗುತ್ತದೆ. ಎಲೆ, ಕಡ್ಡಿಗಳಿಂದ ಕಟ್ಟಿದ ಅದರ ದುಂಡನೆಯ ಗೂಡುಗಳೂ ಅಕ್ಕಪಕ್ಕದ ಮರಗಳಿಗೆ ತಾಗಿಕೊಂಡ ಎತ್ತರದ ಮರಗಳಲ್ಲೇ ಹೆಚ್ಚು, ಏಕೆಂದರೆ ಹದ್ದು ಎರಗಿದಾಗ ಓಡಲು ದಾರಿ ಬೇಕು. ಆರು ಮೀಟರ್‌ನಷ್ಟು ದೂರ ಜಿಗಿಯಬಲ್ಲದಾದರೂ, ಅದಕ್ಕಿಂತ ಅಗಲವಾದ ರಸ್ತೆ ಅಥವಾ ವಿದ್ಯುತ್ ಮಾರ್ಗ ಎದುರಾದರೆ ನೆಲಕ್ಕಿಳಿಯದೆ ಗತಿಯಿಲ್ಲ.

ಶ್ರೀಧರ: ಮರಗಳ ಕೊಂಡಿಯ ಮಾತನ್ನು ಒಪ್ಪುತ್ತೇನೆ. ಆದರೆ ಕಾಡಂಚಿನ ಕಾಫಿ ತೋಟಗಳಲ್ಲೂ ಅದು ಓಡಾಡುತ್ತದೆಯಲ್ಲ?

ಪೂವಯ್ಯ: ಅತ್ತಿ, ಹಲಸು, ನಂದಿಯಂಥ ನಾಡಮರಗಳ ನೆರಳಿರುವ ತೋಟಗಳಲ್ಲಿ ಓಡಾಡುತ್ತದೆ ನಿಜ. ಅವನ್ನು ಕಡಿದು ಸಿಲ್ವರ್ ಓಕ್ ಸಾಲುಗಳನ್ನು ಬೆಳೆಸಿದ ತೋಟದಲ್ಲಿ ಅದಕ್ಕೆ ತಿನ್ನುವ ಹಣ್ಣೂ ಇಲ್ಲ, ಕೊಂಬೆಯಿಂದ ಕೊಂಬೆಗೆ ದಾಟುವ ಹಾದಿಯೂ ಇಲ್ಲ. ದೂರದಿಂದ ಎರಡೂ ಹಸಿರಾಗಿಯೇ ಕಾಣುವುದರಿಂದ ಈ ನಷ್ಟ ಯಾರ ಗಮನಕ್ಕೂ ಬಾರದೆ ಹೋಗುತ್ತದೆ. ಬೆಳೆಗಾರನಾಗಿ ಇದು ನನ್ನನ್ನು ಬಹಳ ನೋಯಿಸುವ ಸಂಗತಿ.

ವಸುಧಾ: ಇದೇ ಕುಲದ ಬೂದು ಬಣ್ಣದ ದೊಡ್ಡ ಅಳಿಲನ್ನೂ ಇಲ್ಲಿ ನೆನೆಯಬೇಕು. ‘ಅಪಾಯದ ಸಮೀಪ’ದ ವರ್ಗದಲ್ಲಿರುವ ಅದಕ್ಕಾಗಿ ತಮಿಳುನಾಡು 1988ರಲ್ಲಿ ಶ್ರೀವಿಲ್ಲಿಪುತ್ತೂರಿನಲ್ಲಿ ಅಭಯಾರಣ್ಯವನ್ನೇ ಘೋಷಿಸಿತು. ನಮ್ಮಲ್ಲಿ ಅದು ಕಾವೇರಿ ವನ್ಯಜೀವಿಧಾಮದ ಹೊಳೆಯಂಚಿನ ಮತ್ತಿ, ಹುಣಸೆ ಮರಗಳ ಕಿರಿದಾದ ಪಟ್ಟಿಯನ್ನೇ ನಂಬಿದೆ. ಆ ಪಟ್ಟಿಯಾಚೆ ಇರುವುದು ಒಣ ಕುರುಚಲು ಕಾಡು. ಹೊಳೆಬದಿಯ ಮರಗಳು ನಡುನಡುವೆ ಕಡಿದುಹೋದರೆ ಅದು ಸರಿಯಲು ಪಕ್ಕದಲ್ಲಿ ಬೇರೆ ನೆಲೆಯಿಲ್ಲ.

ಶ್ರೀಧರ: ಹಾಗಾದರೆ ಕೆಂಜಳಿಲಿಗೆಂದೇ ಪ್ರತ್ಯೇಕ ಯೋಜನೆ ಬೇಕೆನ್ನುತ್ತೀರಾ?

ಮಲ್ಲಿಕಾ: ಬೇಡ. ಕಾಡಿನ ರಸ್ತೆ ಅಗಲಿಸಲು ಅನುಮತಿ ಕೊಡುವಾಗ ಎರಡೂ ಬದಿಯ ಕೊಂಬೆಗಳು ಮೇಲೆ ಕೂಡುವ ಜಾಗಗಳನ್ನು ಮೊದಲೇ ಗುರುತಿಸಿ, ಆ ಮರಗಳನ್ನು ಕಡಿಯಬಾರದೆಂಬ ಷರತ್ತು ವಿಧಿಸಬೇಕು; ಕೊಂಡಿ ಈಗಾಗಲೇ ಕಳಚಿರುವಲ್ಲಿ ಮರಗಳು ಬೆಳೆದು ಕೂಡುವವರೆಗೆ ಹಗ್ಗದ ಸೇತುವೆಗಳನ್ನು ಕಟ್ಟಬೇಕು. ನೀವು ಹೇಳಿದ ಸಿಂಗಳೀಕಕ್ಕೂ ಬೇಕಿರುವುದು ಇದೇ.