ಬೆರ್ಗಾಮೊದಲ್ಲಿ ಮೂರು ತಲೆಮಾರಿನ ಹೋಟೆಲಂತೆ, ಮೊಟ್ಟೆ ಮುಟ್ಟದ ಅತ್ತೆ ಅಲ್ಲಿ ಏನು ತಿನ್ನೋದು?

ವಿದ್ಯಾನಗರ_ಕೊನೇಸ್ಟಾಪ್:

ದಾವಣಗೆರೆ ಕಡೆಯವರು ಯಾರಾದರೂ ಇಟಲಿಗೆ ಹೋಗಿ ಬಂದಿದ್ದರೆ ಸ್ವಲ್ಪ ದಾರಿ ತೋರಿಸ್ರಪ್ಪ. ಮಗಳು ಮಿಲಾನಿನಲ್ಲಿ ಎಂ.ಎಸ್ಸಿ ಮುಗಿಸ್ತಾ ಇದ್ದಾಳೆ. ಸೆಪ್ಟೆಂಬರ್ ಕೊನೇ ವಾರ ನಾನು, ಮನೆಯವರು, ಮಗ, ನಮ್ಮತ್ತೆ ಹೊರಟಿದೀವಿ. ಅತ್ತೆಗೆ 74. ಮಾಂಸ ಬಿಡಿ, ಮೊಟ್ಟೆ ಹಾಕಿದ ಕೇಕೂ ಮನೆಯೊಳಗೆ ಬರೋ ಹಾಗಿಲ್ಲ.

ಮಗಳ ಮನೆ ಓನರಮ್ಮ ಬೆರ್ಗಾಮೊ ಕಡೆಯವರು. ಅವರೂರಲ್ಲಿ ತಾತ ಶುರು ಮಾಡಿ ಈಗ ಮೊಮ್ಮಕ್ಕಳು ನಡೆಸೋ ಒಂದು ಹೋಟೆಲ್ ಇದೆಯಂತೆ. ನಮ್ಮನ್ನ ಕೇಳದೇನೇ ಭಾನುವಾರ ಮಧ್ಯಾಹ್ನಕ್ಕೆ ಐದು ಜನರ ಟೇಬಲ್ ಹೇಳಿಬಿಟ್ಟಿದ್ದಾರೆ. ಬೇಡ ಅಂದ್ರೆ ಬೇಜಾರು ಮಾಡ್ಕೊತಾರೆ. ಮೆನು ಫೋಟೋ ನೋಡಿದ್ರೆ ಶುರುವಿಗೆ ಆಂತಿಪಾಸ್ತಿ, ಆಮೇಲೆ ಪಾಸ್ತಾ-ಅನ್ನದ ಪ್ರಿಮಿ, ಮಾಂಸ-ಮೀನಿನ ಸೆಕೊಂದಿ, ಪಕ್ಕಕ್ಕೆ ತರಕಾರಿಯ ಕೊಂತೋರ್ನಿ, ಕೊನೆಗೆ ಸಿಹಿ. ಇಷ್ಟೂ ತಗೊಳ್ಳಲೇಬೇಕಾ? ಒಂದು ತಗೊಂಡು ಐದು ಜನ ಹಂಚಿಕೊಂಡ್ರೆ ನಗ್ತಾರಾ? ಅತ್ತೆಗೆ ಏನು ಹೇಳೋದು? ಇನ್ನೊಂದು, ಶೇಂಗಾ ಚಟ್ನಿಪುಡಿ ಒಯ್ದು ಟೇಬಲ್ ಮೇಲೆ ಬಿಚ್ಚಿದರೆ ಅವಮಾನ ಆಗುತ್ತಾ?

ಮಂಡಕ್ಕಿ_ಮೆಣಸಿನಕಾಯಿ:

ಅಕ್ಕ ಇಷ್ಟೊಂದು ಟೆನ್ಶನ್ ಯಾಕೆ, ಎಲ್ಲರಿಗೂ ಪಿಜ್ಜಾ ಹೇಳಿ ಮುಗಿಸಿ. ಪೆಪರೋನಿ ಅಂತ ಇದ್ದರೆ ಮಾತ್ರ ಬೇಡ ಅನ್ನಿ, ಅದು ಮಾಂಸ.

ರೇಪಿಯರ್_ಫಿಟ್ಟರ್:

ತಮ್ಮಾ, ಪೆಪರೋನಿ ಮಾಂಸ ಅನ್ನೋದು ಅಮೆರಿಕದ ಲೆಕ್ಕ. ಇಟಲಿಯಲ್ಲಿ ಪೆಪೆರೋನಿ ಅಂದ್ರೆ ದೊಣ್ಣೆ ಮೆಣಸಿನಕಾಯಿ. ನೀನು ಬೇಡ ಅನ್ನಿಸೋದು ಸಸ್ಯಾಹಾರವನ್ನೇ. ಜೊತೆಗೆ ಇಂಥ ಹಳೇ ಹೋಟೆಲುಗಳಲ್ಲಿ ಎಷ್ಟೋ ಕಡೆ ಪಿಜ್ಜಾ ಮಾಡೋದೇ ಇಲ್ಲ. ಪಿಜ್ಜಾ ತೆಂಕಣ ನೇಪಲ್ಸಿನದು, ಬೆರ್ಗಾಮೊ ಬಡಗಣ ಬೆಟ್ಟದ ಸೀಮೆ. ಮಂಗಳೂರಿಗೆ ಹೋಗಿ ಜೋಳದ ರೊಟ್ಟಿ ಕೇಳಿದ ಹಾಗಾಯ್ತು.

ಅಮ್ಮಾ, ನಾನು ಬೆರ್ಗಾಮೊದಲ್ಲಿ ಆರು ವಾರ ಇದ್ದವನು. 1998. ಆಗ ಊರಿನ ಒಂದು ನೇಯ್ಗೆ ಘಟಕದಲ್ಲಿ ಫಿಟ್ಟರ್ ಆಗಿದ್ದೆ, ರೇಪಿಯರ್ ಮಗ್ಗದ ಟ್ರೇನಿಂಗಿಗೆ ಕಳಿಸಿದ್ದರು. ಆ ಕಣಿವೆ ತುಂಬಾ ಬಟ್ಟೆ ಮಿಲ್ಲು, ನಮ್ಮೂರಿನ ಹಳೇ ವೈಭವ ನೆನಪಾಗೋದು. ಇಳಿದುಕೊಂಡ ಜಾಗದಿಂದ ನೂರು ಹೆಜ್ಜೆಗೆ ಒಂದು ತ್ರಾತ್ತೊರಿಯ, ಅಂದ್ರೆ ಮನೆಮಂದಿ ನಡೆಸೋ ಊಟದ ಹೋಟೆಲ್. ಮಗ ಬಡಿಸೋದು, ಸೊಸೆ ಗಲ್ಲಾ, ಅಡುಗೆಮನೆಯಲ್ಲಿ ಅವನ ತಾಯಿ.

ಮೊದಲ ರಾತ್ರಿ ಡಿಕ್ಷನರಿ ನೋಡಿ ಬಾಯಿಪಾಠ ಮಾಡಿಕೊಂಡು ಹೋದೆ. ಮಾಂಸ ಬೇಡ, ಮೊಟ್ಟೆ ಬೇಡ, ಮೀನು ಬೇಡ, ಆ ದಿನ ಸೋಮವಾರ ಅಂತ ಈರುಳ್ಳಿ ಬೆಳ್ಳುಳ್ಳಿನೂ ಬೇಡ. ಮುದುಕಿ ಹೊರಗೆ ಬಂದು ತನ್ನ ಹೊಟ್ಟೆ ಮೇಲೆ ಅಂಗೈ ಇಟ್ಟುಕೊಂಡು ಏನೋ ಕೇಳಿದಳು. ಹಸಿವಾ ಅಂತ ಕೇಳ್ತಾಳೆ ಅಂದುಕೊಂಡು ಜೋರಾಗಿ ತಲೆ ಆಡಿಸಿದೆ. ಬಂದಿದ್ದು ಬರೀ ಬಿಳಿ ಅನ್ನ, ಮೇಲೆ ಎರಡು ಹನಿ ಆಲಿವ್ ಎಣ್ಣೆ. ಮರುದಿನವೂ ಅದೇ, ಮೂರನೇ ದಿನವೂ ಅದೇ, ಜೊತೆಗೊಂದು ಬೇಯಿಸಿದ ಆಲೂಗಡ್ಡೆ. ಆಮೇಲೆ ಫ್ಯಾಕ್ಟರಿಯವನೊಬ್ಬ ಜೊತೆಗೆ ಬಂದಾಗ ಗೊತ್ತಾಯ್ತು: ಅಲ್ಲಿ ಹೊಟ್ಟೆ ಕೆಟ್ಟವರಿಗೆ ಹೀಗೆ 'ಇನ್ ಬಿಯಾಂಕೊ' ಅಂತ ಬಿಳೀ ಊಟ ಹಾಕ್ತಾರೆ. ದೂರದಿಂದ ಬಂದವನಿಗೆ ಭೇದಿ ಹತ್ತಿದೆ ಅಂತ ಮೂರು ದಿನ ನನ್ನನ್ನ ಪಥ್ಯದಲ್ಲಿ ಇಟ್ಟಿದ್ದಳು ಪುಣ್ಯಾತ್ಗಿತ್ತಿ!

ನಿಜ ಗೊತ್ತಾದ ಮೇಲೆ ನಗಲಿಲ್ಲ, ಬೈದಳು. ಮೊದಲೇ ಹೇಳಬಾರದಿತ್ತಾ ಅಂತ. ತೋಳು ಹಿಡಿದು ಒಳಗೆ ಕರಕೊಂಡು ಹೋಗಿ ಒಂದು ತಾಮ್ರದ ಹಂಡೆ ತೋರಿಸಿದಳು. ಕುದಿಯೋ ನೀರು, ಉಪ್ಪು, ಹಳದಿ ಹಿಟ್ಟು. ಉದ್ದನೇ ಕಟ್ಟಿಗೆ ಹಾಕಿ ತಿರುವೋದು, ಮುಕ್ಕಾಲು ಗಂಟೆ ಬಿಡದೆ. ನಮ್ಮಲ್ಲಿ ಮುದ್ದೆಗೆ ಕೋಲು ಹಾಕ್ತೀವಲ್ಲ, ಹಾಗೇನೇ. ಪೊಲೆಂತ ಅಂತಾರೆ. ಮೆಕ್ಕೆಜೋಳ ರೀ! ನಮ್ಮ ಜಿಲ್ಲೆಯಿಂದ ಲಾರಿಗಟ್ಟಲೆ ಕೋಳಿ ಫೀಡಿಗೆ ಹೋಗೋ ಅದೇ ಮೆಕ್ಕೆಜೋಳ. ಗಟ್ಟಿಯಾದ ಮೇಲೆ ದುಂಡನೆ ಮಣೆ ಮೇಲೆ ಒಮ್ಮೆಲೇ ಕವುಚಿದಳು, ಹೊಗೆ ಆಡ್ತಾ ಗುಡ್ಡದ ಹಾಗೆ ನಿಂತಿತು. ಚಾಕು ಮುಟ್ಟಿಸಲಿಲ್ಲ. ಬಿಳೀ ದಾರ ತಗೊಂಡು, ಮಣೆಗೂ ಪೊಲೆಂತಕ್ಕೂ ನಡುವೆ ತೂರಿಸಿ, ಎರಡೂ ತುದಿ ಹಿಡಿದು ಮೇಲಕ್ಕೆ ಎಳೆದಳು. ಹೋಳು ಹೋಳಾಗಿ ಬಿಟ್ಟುಕೊಂಡಿತು, ದಾರಕ್ಕೆ ಒಂದು ಕಾಳೂ ಅಂಟಲಿಲ್ಲ. ನಮ್ಮಜ್ಜಿ ಬಟ್ಟೆ ಸೋಪಿನ ಉದ್ದನೇ ಬಾರನ್ನ ಹೀಗೇ ದಾರದಲ್ಲಿ ಕೊಯ್ಯೋಳು.

ಹಾಗಾಗಿ ನನ್ನ ಮಾತು ಒಂದೇ. ಟೇಬಲ್ ಮೇಲೆ ಕೂತು ಮೆನು ಹಿಡಿದು 'ಇದರಲ್ಲಿ ಅದು ತೆಗೀರಿ, ಇದು ಹಾಕಿ' ಅಂತ ಶುರು ಮಾಡಬೇಡಿ. ನಮ್ಮಲ್ಲಿ ಬೆಣ್ಣೆ ದೋಸೆ ಹೋಟೆಲಿಗೆ ಬಂದು ಬೆಣ್ಣೆ ಬೇಡ, ದೋಸೆ ಗರಿಗರಿ ಬೇಡ ಅಂದ್ರೆ ಭಟ್ಟಿ ಮುಂದೆ ನಿಂತವನ ಮುಖ ಹೇಗಾಗುತ್ತೆ? ಚೆನ್ನಮ್ಮನವರು 1928ರಲ್ಲಿ ಬೆಳಗಾವಿ ಕಡೆಯಿಂದ ಬಂದು ಹೋಟೆಲ್ ಹಾಕಿದ ಊರು ನಮ್ಮದು, ಮನೆತನದ ಹೋಟೆಲ್ ಅಂದ್ರೇನು ಅಂತ ನಮಗೆ ಹೇಳಿಕೊಡಬೇಕಿಲ್ಲ. ಎರಡು ದಿನ ಮೊದಲೇ ಮಗಳ ಕೈಲಿ ಫೋನ್ ಮಾಡಿಸಿ. ಕಾಯಿಲೆ ಅಲ್ಲ, ನಮ್ಮ ಮನೆ ಪದ್ಧತಿ ಅಂತ ಬಿಡಿಸಿ ಹೇಳಿಸಿ. ಏನು ಮಾಡಬೇಕು ಅನ್ನೋದು ಅವರಿಗೆ ಬಿಡಿ.

ಉಳಿದದ್ದು: ಎಲ್ಲಾ ವರಸೆ ತಗೊಳ್ಳಬೇಕಿಲ್ಲ. ತಲೆಗೊಂದು ಪ್ರಿಮೊ, ನಡುವೆ ಎರಡು ಕೊಂತೋರ್ನೊ ಸಾಕು. ಒಂದು ತಟ್ಟೆ ಐದು ಜನಕ್ಕೆ ಮಾತ್ರ ಬೇಡ. ಸೆಪ್ಟೆಂಬರ್ ಕೊನೆಗೆ ಪೊರ್ಚೀನಿ ಅಣಬೆ ಬಂದಿರುತ್ತೆ, ಪೊಲೆಂತ ಜೊತೆ ಅದನ್ನ ಕೇಳಿ. ಮೆಕ್ಕೆಜೋಳದ ಹಿಟ್ಟಿಗೆ ಬಕ್‌ವೀಟ್ ಅನ್ನೋ ಕಪ್ಪು ಹಿಟ್ಟು, ಚೀಸು, ಬೆಣ್ಣೆ ಸೇರಿಸಿ ಮಾಡೋ ತರಾಞ್ಞ ಅಂತ ಬರುತ್ತೆ, ಅದನ್ನ ಬಿಡಲೇಬೇಡಿ. ಕಸೊಂಚೆಲ್ಲಿ ಅಂತ ಕಡುಬಿನ ಹಾಗಿರೋದು ಕಂಡರೆ ಮೋಸಹೋಗಬೇಡಿ, ಒಳಗೆ ಮಾಂಸ. ಬಿಲ್ಲಿನಲ್ಲಿ 'ಕೊಪೆರ್ತೊ' ಅಂತ ತಲೆಗೆ ಇಷ್ಟು ಅಂತ ಹಾಕ್ತಾರೆ, ಬ್ರೆಡ್ಡು, ಟೇಬಲ್ ಬಟ್ಟೆ ಲೆಕ್ಕ. 1998ರಲ್ಲಿ ಲಿರಾ ಕಾಲ, 3,000 ಅಂತ ನೋಡಿ ನನ್ನ ಎದೆ ಧಸಕ್ಕಂದಿತ್ತು. ಈಗಿನ ಲೆಕ್ಕದಲ್ಲಿ ಒಂದೂವರೆ ಯೂರೋ ಅಷ್ಟೇ. ಬಿಲ್ಲು ಕೇಳದೆ ಅವರು ತರಲ್ಲ. ನಮ್ಮಲ್ಲಿ ತಿಂತಾ ಇರುವಾಗಲೇ ಮುಂದಿನವನು ಕುರ್ಚಿ ಹಿಂದೆ ಬಂದು ನಿಂತಿರ್ತಾನೆ, ಅಲ್ಲಿ ಎರಡು ಗಂಟೆ ಕೂತರೂ ಏಳಿ ಅನ್ನಲ್ಲ.

ಚಟ್ನಿಪುಡಿ ಟೇಬಲ್ ಮೇಲೆ ಬೇಡ. 2016ರಲ್ಲಿ ಹೆಂಡತಿ ಜೊತೆ ಮತ್ತೆ ಅಲ್ಲಿಗೆ ಹೋಗಿದ್ದೆ. ಮುದುಕಿ ಫೋಟೋ ಕಾಫಿ ಮಷೀನಿನ ಮೇಲಿತ್ತು, ಮೊಮ್ಮಗಳು ಅದೇ ಹಂಡೆ ತಿರುವುತ್ತಿದ್ದಳು. ನಮ್ಮವಳು ಒಂದು ಪೊಟ್ಟಣ ಶೇಂಗಾ ಪುಡಿ ಅವಳ ಕೈಗೆ ಕೊಟ್ಟಳು. ಒಳಗೆ ಹೋಗಿ ಪೊಲೆಂತಕ್ಕೆ ಹಚ್ಚಿ ನೋಡಿದಳು, ಕೆಮ್ಮಿದಳು, ಮತ್ತೆ ಹಚ್ಚಿಕೊಂಡಳು.

ದುರ್ಗದ_ಏಳುಸುತ್ತು:

ಫಿಟ್ಟರ್ ಸರ್, ಚೆಂದ ಬರೆದಿದ್ದೀರಿ, ಆದರೆ ಅಜ್ಜಿಗೆ ತರಾಞ್ಞ ತಿನ್ನಿಸಬೇಡಿ. ನಾನು ಬೊಲೊಞ್ಞದಲ್ಲಿ ಎರಡು ವರ್ಷ ಓದಿದವಳು, ಊರು ಚಿತ್ರದುರ್ಗ. ಅಲ್ಲಿನ ಹಳೇ ಕಾಲದ ಚೀಸುಗಳಲ್ಲಿ ಬಹಳಷ್ಟಕ್ಕೆ ಹಾಲು ಒಡೆಸೋದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್. ಪಾರ್ಮಿಜಾನೊಗೆ ಅದನ್ನೇ ಹಾಕಬೇಕು ಅಂತ ನಿಯಮವೇ ಇದೆ. ಬೆರ್ಗಾಮೊ ಕಡೆಯ ತಾಲೆಜ್ಜೊ ಕೂಡ ಹಾಗೇ. ಅವರ ಕಣ್ಣಿಗೆ ಅದು ಮಾಂಸವೇ ಅಲ್ಲ, ಹಾಗಾಗಿ 'ಸೆನ್ಸ ಕಾರ್ನೆ' (ಮಾಂಸ ಇಲ್ಲದೆ) ಅಂದರೂ ಮೇಲೆ ಉದುರಿಸಿಕೊಂಡೇ ಬರುತ್ತೆ. 'ಸೆನ್ಸ ಫೊರ್ಮಾಜ್ಜೊ' (ಚೀಸ್ ಇಲ್ಲದೆ) ಅಂತ ಬೇರೆ ಹೇಳಬೇಕು.

ಮಿಲಾನಿನ ಹಳದಿ ರಿಸೊತ್ತೊ ನೋಡೋಕೆ ಚಿತ್ರಾನ್ನದ ಹಾಗಿರುತ್ತೆ. ಬಣ್ಣ ಕೇಸರಿಯದ್ದು ಸರಿ, ಆದರೆ ಅಕ್ಕಿ ಬೆಂದಿರೋದು ಮಾಂಸದ ಸಾರಿನಲ್ಲಿ, ಹಳೇ ಪದ್ಧತಿಯವರು ಮೂಳೆಯೊಳಗಿನ ಮಜ್ಜೆನೂ ಹಾಕ್ತಾರೆ. 'ಬ್ರೋದೊ' (ಸಾರು) ಯಾವುದರದ್ದು ಅಂತ ಕೇಳಲೇಬೇಕು. ಪಾಸ್ತಾ ಬಗ್ಗೆ: ಮನೇಲಿ ತಾಜಾ ಲಟ್ಟಿಸಿದ್ದು ಅಂತ ಹೆಮ್ಮೆಯಿಂದ ಹೇಳಿದ್ರೆ ಬಡಗಣ ಕಡೆ ಅದರಲ್ಲಿ ಮೊಟ್ಟೆ ಇದೆ ಅಂತಲೇ ಲೆಕ್ಕ. ಒಣ ಪಾಸ್ತಾ ಸಾಮಾನ್ಯವಾಗಿ ಗಟ್ಟಿ ಗೋಧಿ ರವೆ, ನೀರು ಅಷ್ಟೇ, ನಮ್ಮ ಶಾವಿಗೆ ತರ. ತೆಂಕಣ ಕಡೆ ಹೆಬ್ಬೆರಳಲ್ಲಿ ಒತ್ತಿ ಮಾಡೋ ಒರೆಕ್ಕಿಯೆತ್ತೆ ನೋಡಿದಾಗ ನಮ್ಮಮ್ಮ ಮದುವೆಗೆ ಪರಡಿ ಒತ್ತೋದೇ ಕಣ್ಣಿಗೆ ಬಂತು. ಅದರಲ್ಲೂ ಮೊಟ್ಟೆ ಇರಲ್ಲ.

ರೇಪಿಯರ್_ಫಿಟ್ಟರ್:

ಅಯ್ಯೋ ತಾಯಿ. ಆರು ವಾರ ದಿನಾ ಎರಡು ಹೊತ್ತು ಆ ಚೀಸು ತಿಂದಿದ್ದೀನಿ, ಬಂದು ಊರಲ್ಲೆಲ್ಲಾ ಶುದ್ಧ ಸಸ್ಯಾಹಾರಿಯಾಗೇ ಇದ್ದೆ ಅಂತ ಹೇಳಿಕೊಂಡಿದ್ದೀನಿ. 28 ವರ್ಷ ಆಗ್ತಾ ಬಂತು. ಮನೇಲಿ ಇದನ್ನ ಓದಿ ಹೇಳಲ್ಲ ನಾನು. ಅಮ್ಮಾ, ಅವಳು ಹೇಳಿದ ಹಾಗೇ ಮಾಡಿ.

ವಿದ್ಯಾನಗರ_ಕೊನೇಸ್ಟಾಪ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಮಗಳು ಹೋಟೆಲಿಗೆ ಫೋನ್ ಮಾಡಿದ್ಲು. ಎತ್ತಿದ್ದು ಮೊಮ್ಮಗನಂತೆ, ಅವನಿಗೆ ಅರ್ಥ ಆಗದೆ ಅವನಮ್ಮನ ಕೈಗೆ ಕೊಟ್ಟನಂತೆ. ಕಾಯಿಲೆ ಅಲ್ಲ ಅಂತ ಮೂರು ಸಲ ಹೇಳಿದ್ಲಂತೆ. ಅತ್ತೆಗೆ ಬರೀ ನೀರಲ್ಲಿ ಮಾಡಿದ ಪೊಲೆಂತ, ಆಲಿವ್ ಎಣ್ಣೆಯಲ್ಲಿ ಹುರಿದ ಅಣಬೆ, ಬೇಯಿಸಿದ ಬೀನ್ಸು. ಚೀಸಿಲ್ಲ, ಸಾರಿಲ್ಲ. ನಮಗೆ ತರಾಞ್ಞ (ಮನೆಯವರಿಗೆ ರೆನೆಟ್ ವಿಷಯ ಹೇಳಿದೆ, 'ನೀನು ಓದಬಾರದಿತ್ತು' ಅಂದ್ರು).

ಅತ್ತೆಗೆ ಪೊಲೆಂತ ಅಂದ್ರೇನು ಅಂತ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, 'ಮೆಕ್ಕೆಜೋಳದ ಮುದ್ದೆ ತಿನ್ನೋಕೆ ವಿಮಾನ ಹತ್ತಬೇಕೇನೇ?' ಅಂದ್ರು. ಆದರೂ ಬೆಳಿಗ್ಗೆ ಎದ್ದು ರೇಷ್ಮೆ ಸೀರೆ ಉಟ್ಟುಕೊಂಡು ವೀಸಾ ಫೋಟೋಕ್ಕೆ ಹೋಗಿ ಬಂದಿದ್ದಾರೆ.