ಕೋವಿಡ್ ಟೈಮಲ್ಲಿ ಸಫಾರಿ ಲಾಡ್ಜ್, ಹೋಂಸ್ಟೇ ನಡೆಸ್ತಿದ್ದೋರು ಊರಿನೋರನ್ನ ಹೇಗೆ ನೋಡ್ಕೊಂಡ್ರಿ? ಅನುಭವ ಹೇಳಿ

ಕೇಳಿದವರು (ಭದ್ರಾ ಹಿನ್ನೀರಿನ ಕಡೆ):
ಎಲ್ರಿಗೂ ನಮಸ್ಕಾರ. ಕಾಡಂಚಲ್ಲಿ ನಮ್ಮದೊಂದು ಸಣ್ಣ ಸಫಾರಿ ಲಾಡ್ಜ್ ಶುರು ಮಾಡ್ತಾ ಇದೀವಿ, ಕೆಲಸಕ್ಕೆ ಬರೋರೆಲ್ಲ ಹೆಚ್ಚುಕಮ್ಮಿ ಅಕ್ಕಪಕ್ಕದ ಹಳ್ಳಿಯೋರೇ. ಸಾಲ ಕೇಳಕ್ಕೆ ಹೋದಾಗ ಬ್ಯಾಂಕಿನೋರು, ಕೋವಿಡ್ ತರದ್ದು ಮತ್ತೆ ಬಂದ್ರೆ ಏನ್ ಮಾಡ್ತೀರಿ ಅಂತ ಕೇಳಿದ್ರು. ಅವ್ರಿಗೆ ಏನೋ ಒಂದು ಬರ್ದು ಕೊಡ್ಬೋದು, ಆದ್ರೆ ನಮ್ಮನ್ನ ನಂಬಿ ಬರೋ ಇಷ್ಟು ಮನೆಗಳಿಗೆ ಆವಾಗ ಏನ್ ಹೇಳೋದು ಅನ್ನೋದೇ ತಲೇಲಿ ಕೊರೀತಾ ಇದೆ. 2020-21ರಲ್ಲಿ ನೀವೆಲ್ಲ ಸಂಬಳ, ಸಾಲ, ಊರು ಹೇಗೆ ನಿಭಾಯಿಸಿದ್ರಿ ದಯವಿಟ್ಟು ಹೇಳಿ.

ಕಾಡಂಚಿನ ರೆಸಾರ್ಟ್ ಒಂದರ ಮ್ಯಾನೇಜರ್:
ಸರ್, ಮೊದ್ಲು ಒಂದು ವಿಷಯ ಅರ್ಥ ಮಾಡ್ಕೊಳ್ಳಿ. ಲಾಕ್‌ಡೌನ್ ಶುರುವಾಗಿದ್ದು 2020 ಮಾರ್ಚ್ 25ಕ್ಕೆ, ಸಫಾರಿ ಅದಕ್ಕೂ ಮುಂಚೇನೇ ನಿಂತಿತ್ತು, ಏಪ್ರಿಲಲ್ಲಿ ನ್ಯೂಯಾರ್ಕಿನ ಝೂನಲ್ಲಿ ಒಂದು ಹುಲಿಗೆ ಕೋವಿಡ್ ಬಂತು ಅಂತ ಸುದ್ದಿ ಬಂದ್ಮೇಲಂತೂ ಬೇಗ ತೆಗೀತಾರೆ ಅನ್ನೋ ಆಸೆ ಪೂರ್ತಿ ಹೋಯ್ತು. ಭದ್ರಾ ಕಡೆ ಮಾರ್ಚಿಂದ ಮೇ ಅಂದ್ರೆ ನಮ್ಮ ಸುಗ್ಗಿ, ನೀರು ಇಳಿದು ಆನೆ ಕಾಟಿ ಎಲ್ಲ ಹಿನ್ನೀರಿಗೆ ಬರ್ತವೆ, ನಡುಗಡ್ಡೇಲಿ ರಿವರ್ ಟರ್ನ್ ಹಕ್ಕಿ ಮರಿ ಮಾಡಿರ್ತವೆ, ಕ್ಯಾಮೆರಾದೋರು ತಿಂಗಳ ಮುಂಚೆ ಬುಕ್ ಮಾಡಿರ್ತಾರೆ. ಈ ಮೂರು ತಿಂಗಳ ದುಡ್ಡಲ್ಲೇ ಮಳೆಗಾಲದ ಸಂಬಳ ಕೊಡೋದು. ಹಾಗಾಗಿ ನಮಗೆ ಹೋಗಿದ್ದು ಮೂರು ತಿಂಗಳಲ್ಲ, ಮುಂದಿನ ದೀಪಾವಳಿ ತನಕದ ಅನ್ನ. ನಿಮ್ಮ ಲೆಕ್ಕ ಹಾಕೋವಾಗ ಇದನ್ನ ಹೀಗೇ ಹಾಕಿ.

ನಮ್ಮ ಓನರ್ ಮಾಡಿದ ಒಂದು ಕೆಲಸಕ್ಕೆ ನಾನು ಇವತ್ತಿಗೂ ಕೈ ಮುಗೀತೀನಿ. ಎಲ್ರನ್ನೂ ಡೈನಿಂಗ್ ಹಾಲಲ್ಲಿ ದೂರ ದೂರ ಕೂರಿಸಿ ಲೆಕ್ಕದ ಪುಸ್ತಕ ಮೇಜಿನ ಮೇಲೆ ಇಟ್ರು. ಬ್ಯಾಂಕಲ್ಲಿ ಇರೋದು ಇಷ್ಟು, ವಾಪಸ್ ಕೊಡಬೇಕಾದ ಅಡ್ವಾನ್ಸ್ ಇಷ್ಟು, ಯಾರನ್ನೂ ತೆಗೆಯಲ್ಲ ಆದ್ರೆ ಎಲ್ರಿಗೂ ಪೂರ್ತಿ ಕೊಡಕ್ಕಾಗಲ್ಲ, ಹೇಗೆ ಹಂಚೋಣ ನೀವೇ ಹೇಳಿ ಅಂದ್ರು. ಸ್ವಲ್ಪ ಹೊತ್ತು ಯಾರೂ ಬಾಯಿ ಬಿಡ್ಲಿಲ್ಲ. ಆಮೇಲೆ ಒಬ್ಬ ಡ್ರೈವರ್ ಎದ್ದು, ನಮ್ಮನೇಲಿ ಒಂದೂವರೆ ಎಕರೆ ತೋಟ ಇದೆ, ನಂಗೆ ಅರ್ಧ ಸಾಕು, ರೂಮ್ ಕ್ಲೀನ್ ಮಾಡೋ ಅಕ್ಕಂಗೆ ಮನೇಲಿ ದುಡಿಯೋರು ಇನ್ಯಾರೂ ಇಲ್ಲ ಅವ್ರಿಗೆ ಪೂರ್ತಿ ಕೊಡಿ ಅಂದ. ಅಲ್ಲಿಂದ ದಾರಿ ತಾನಾಗೇ ಸಿಕ್ತು. ದೊಡ್ಡ ಸಂಬಳದೋರಿಗೆ ಜಾಸ್ತಿ ಕಡಿತ, ತೋಟ ಗದ್ದೆ ಇದ್ದೋರಿಗೆ ಅರ್ಧ, ಸಂಬಳವೇ ಗತಿ ಅನ್ನೋರಿಗೆ ಕಡಿತವೇ ಇಲ್ಲ. ಇದನ್ನ ಆಫೀಸಲ್ಲಿ ಕೂತು ನಾವೇ ಪಟ್ಟಿ ಮಾಡಿದ್ರೆ ಖಂಡಿತ ಜಗಳ ಆಗ್ತಿತ್ತು, ಯಾರ ಮನೇಲಿ ಏನಿದೆ ಅಂತ ಊರಿನೋರಿಗೆ ಗೊತ್ತಿರುವಷ್ಟು ಮ್ಯಾನೇಜರಿಗೆ ಗೊತ್ತಿರಲ್ಲ.

ಇನ್ನು ಕೆಲಸ. ಗೆಸ್ಟ್ ಇಲ್ಲ ಅಂದ್ರೆ ಕೆಲಸ ಇಲ್ಲ ಅಂತಲ್ಲ ಸರ್, ಮಲೆನಾಡಲ್ಲಿ ಮಳೆ ಹಿಡಿಯೋ ಮುಂಚಿನ ಕೆಲಸವೇ ಬೆಟ್ಟದಷ್ಟು ಇರತ್ತೆ. ಹೆಂಚು ಕೈಯಾಡ್ಸೋದು, ಚರಂಡಿ ಬಿಡಿಸೋದು, ಸೌದೆ ಒಳಗೆ ಹಾಕೋದು, ಇರಿಚಲು ಹೊಡೆಯೋ ಗೋಡೆಗೆ ಅಡಿಕೆ ಸೋಗೆ ಕಟ್ಟೋದು. ಹಳೇ ಬೆಡ್‌ಶೀಟ್ ಕತ್ತರಿಸಿ ಮಾಸ್ಕ್ ಹೊಲ್ದು ಊರಿಗೆಲ್ಲ ಕೊಟ್ವಿ. ಮುಚ್ಚಿದ ರೂಮು ಮಾತ್ರ ಹುಷಾರು, ಜುಲೈಲಿ ನಾಲ್ಕು ದಿನ ಬಾಗಿಲು ತೆಗೀದೆ ಇದ್ರೆ ಹಾಸಿಗೆ ಪೂರ್ತಿ ಬೂಷ್ಟು. ಒಂದಿಬ್ಬರಿಗೆ ಅದೇ ಡ್ಯೂಟಿ, ದಿನಾ ಕಿಟಕಿ ತೆಗೆದು ಹಾಸಿಗೆ ಗೋಡೆಗೆ ಒರಗಿಸಿ ನಿಲ್ಸೋದು, ವಾರಕ್ಕೊಮ್ಮೆ ಜೀಪು, ಬೋಟ್ ಇಂಜಿನ್ ಸ್ಟಾರ್ಟ್ ಮಾಡೋದು. ಇದರ ಸಂಬಳ ಉಳಿಸಕ್ಕೆ ಹೋದ್ರೆ ತೆರೆಯೋವಾಗ ಹೊಸ ಹಾಸಿಗೆಗೆ ಅದರ ನಾಲ್ಕು ಪಟ್ಟು ಹಾಕ್ಬೇಕು.

ಉದ್ಯೋಗ ಖಾತ್ರೀಲಿ ಆ ವರ್ಷ ನಮ್ಮ ರಾಜ್ಯದಲ್ಲಿ ದಿನಕ್ಕೆ 275 ರೂಪಾಯಿ ಇತ್ತು. ನಮ್ಮ ಕೆಲವರು ಪಂಚಾಯ್ತಿಲಿ ಜಾಬ್ ಕಾರ್ಡ್ ಮಾಡಿಸಿ ಕೆರೆ ಹೂಳು, ಇಂಗುಗುಂಡಿ ಕೆಲಸಕ್ಕೆ ಹೋದ್ರು. ನಿಮ್ಮ ಹುಡುಗರ ಮನೇಲಿ ಜಾಬ್ ಕಾರ್ಡ್ ಇದೆಯಾ ಅಂತ ಈಗ್ಲೇ ಕೇಳಿ, ಕಷ್ಟ ಬಂದಾಗ ಮಾಡ್ಸಕ್ಕೆ ಹೋದ್ರೆ ಅಲ್ಲಿ ಕ್ಯೂ ಇರತ್ತೆ.

ಆಮೇಲೆ ಎಲ್ರೂ ಮರೆಯೋ ಒಂದು ವಿಷಯ, ಸಂಬಳದ ಪಟ್ಟೀಲಿ ಹೆಸರೇ ಇಲ್ಲದೋರು. ನಮಗೆ ಹಾಲು ಹಾಕೋರು, ಹಿನ್ನೀರಲ್ಲಿ ಮೀನು ಹಿಡಿದು ತರೋರು, ಸೊಪ್ಪು ಬಸಳೆ ತರೋ ಅಮ್ಮಂದಿರು. ಲಾಡ್ಜ್ ಬಾಗಿಲು ಹಾಕಿದ ದಿನವೇ ಅವರ ಸಂತೆ ಮುಚ್ಚಿತು. ನಮ್ಮ ಸಫಾರಿ ಜೀಪಿಗೇ ಪಾಸ್ ಮಾಡಿಸಿ ತರಕಾರಿನ ಭದ್ರಾವತಿಗೆ ಕಳ್ಸಿದ್ವಿ, ಡೀಸೆಲ್ ಲಾಡ್ಜಿಂದು, ಮಾರಿದ ದುಡ್ಡು ಪೂರ್ತಿ ಅವ್ರದ್ದು. ದೊಡ್ಡ ಖರ್ಚೇನೂ ಬರ್ಲಿಲ್ಲ, ಆದ್ರೆ ಊರು ಅದನ್ನ ಇವತ್ತಿಗೂ ನೆನೆಸುತ್ತೆ.

ಕೊಡಚಾದ್ರಿ ಜೀಪ್ ಡ್ರೈವರ್:
ಮೇಲಿನೋರು ಹೇಳಿದ್ದು ಸರಿ ಇದೆ, ಆದ್ರೆ ಎಲ್ಲ ಓನರ್ ಹಾಗಿರಲ್ಲ ಮಾರಾಯ್ರೆ. ನಾವು ಜೀಪಿನೋರು ಯಾರ ಸಂಬಳದ ಪಟ್ಟೀಲೂ ಇಲ್ಲ, ಟ್ರಿಪ್ ಆದ್ರೆ ದುಡ್ಡು ಇಲ್ಲಾಂದ್ರೆ ಇಲ್ಲ. ಸರ್ಕಾರ 2020ರಲ್ಲಿ ಆಟೋ ಟ್ಯಾಕ್ಸಿ ಡ್ರೈವರಿಗೆ 5,000 ಕೊಟ್ಟಿತ್ತು, 2021ರಲ್ಲಿ 3,000, ಎರಡೂ ಸೇವಾಸಿಂಧುಲಿ ಅರ್ಜಿ ಹಾಕ್ಬೇಕಿತ್ತು, ಕಾಗದಪತ್ರ ಸರಿ ಇಲ್ಲದೆ ನಮ್ಮ ಕಡೆ ಸುಮಾರು ಹುಡುಗರಿಗೆ ಸಿಗ್ಲೇ ಇಲ್ಲ. ಗಾಡಿ ಕಂತು ಮಾತ್ರ ನಿಲ್ಲಲಿಲ್ಲ. ನನ್ನ ಉಳಿಸಿದ್ದು ಒಂದು ಹೋಂಸ್ಟೇ ಅಮ್ಮ, ತಿಂಗಳಿಗೆ ಇಷ್ಟು ಅಂತ ಮಾತಾಡಿ ನನ್ನ ಜೀಪ್ ಊರಿಗೇ ಬಿಟ್ರು, ಬಿಪಿ ಶುಗರ್ ಮಾತ್ರೆ ತರೋದು, ಬಸುರಿ ಹೆಂಗಸರನ್ನ ಹೊಸನಗರಕ್ಕೆ ಕರ್ಕೊಂಡು ಹೋಗೋದು, ಒಂದ್ಸಲ ರಾತ್ರಿ ಮಳೇಲಿ ಒಬ್ರಿಗೆ ಹಾವು ಕಚ್ಚಿ ಶಿವಮೊಗ್ಗಕ್ಕೇ ಓಡಿಸಿದ್ದು. ಬಸ್ಸು ಇಲ್ಲದ ಕಾಲದಲ್ಲಿ ಘಟ್ಟದ ಊರಲ್ಲಿ ಫೋರ್ ವೀಲ್ ಗಾಡಿ ಅಂದ್ರೆ ಜೀವ. ನಿಮ್ಮ ಲಾಡ್ಜಿಗೆ ಜೀಪ್ ಇದ್ರೆ ಅದು ಊರಿಂದೂ ಹೌದು ಅಂತ ಇಟ್ಕೊಳ್ಳಿ.

ಸಾಗರ ತಾಲೂಕು, ಆಶಾ ಕಾರ್ಯಕರ್ತೆ:
ನಾನು ರೆಸಾರ್ಟಿನೋಳಲ್ಲ, ಆದ್ರೂ ಹೇಳ್ಬೇಕು ಅನ್ಸ್ತು. ನಮ್ಮ ಕಡೆ ಕೋವಿಡ್ ಬಂದಾಗ ಮಂಗನಕಾಯಿಲೆ ಸೀಸನ್ ನಡೀತಾ ಇತ್ತು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಸಿಕ್ಕಿದ ಕಾಯಿಲೆ ಇದು, ಕಾಡಿನ ಉಣ್ಣೆ ಹುಳ ಕಚ್ಚಿ ಬರತ್ತೆ, ಡಿಸೆಂಬರಿಂದ ಮೇ ತನಕ ಜೋರು. 2019ರಲ್ಲಿ ನಮ್ಮ ತಾಲೂಕಿನ ಅರಳಗೋಡಲ್ಲಿ ಇದೇ ಕಾಯಿಲೆಗೆ ಜನ ಸತ್ತಿದ್ದು ನೋಡಿದ್ವಿ, ಆ ಭಯ ಇನ್ನೂ ಹೋಗಿರ್ಲಿಲ್ಲ. ಯಾರಿಗಾದ್ರೂ ಜ್ವರ ಬಂದ್ರೆ ಇದು ಯಾವ ಜ್ವರ ಅಂತಲೇ ಎದೆ ಡವಡವ, ಜನ ಕ್ವಾರಂಟೈನ್ ಮಾಡ್ತಾರೆ ಅಂತ ಜ್ವರ ಮುಚ್ಚಿಡೋರು.

ಕಾಡಲ್ಲಿ ಓಡಾಡೋ ಗೈಡ್‌ಗಳಿಗೆ, ಸೌದೆ ದರಗಿಗೆ ಹೋಗೋರಿಗೆ ಉಣ್ಣೆ ಹತ್ತದ ಹಾಗೆ ಡೆಪಾ ಎಣ್ಣೆ ಹಚ್ಚೋ ಅಭ್ಯಾಸ ಮಾಡ್ಸಿ, ಬಂದ ತಕ್ಷಣ ಬಿಸಿನೀರಲ್ಲಿ ಸ್ನಾನ, ಬಟ್ಟೆ ಬೇರೆ ಒಗೆಯೋದು. ನಿಮ್ಮ ಹುಡುಗರು ಕಾಡಲ್ಲಿ ಸತ್ತ ಮಂಗ ಕಂಡ್ರೆ ಮುಟ್ಟದೆ ಕೂಡ್ಲೇ ಆರೋಗ್ಯ ಕೇಂದ್ರಕ್ಕೆ ಹೇಳ್ಬೇಕು, ನಮಗೆ ಅದಕ್ಕಿಂತ ದೊಡ್ಡ ಉಪಕಾರ ಇಲ್ಲ.

2021ರ ಎರಡನೇ ಅಲೇಲಿ ನಾವು ಮನೆಮನೆಗೆ ಪಲ್ಸ್ ಆಕ್ಸಿಮೀಟರ್ ಹಿಡ್ಕೊಂಡು ತಿರುಗಿದ್ವಿ, ಗುಡ್ಡದ ಮೇಲೊಂದು ಮನೆ ಕೆಳಗೊಂದು ಮನೆ. ಒಂದು ರೆಸಾರ್ಟಿನೋರು ನಮ್ಮ ಸ್ಕೂಟಿಗೆ ಪೆಟ್ರೋಲ್ ಹಾಕ್ಸಿದ್ರು, ಮಧ್ಯಾಹ್ನ ಊಟ ಕೊಟ್ರು, ಅವ್ರ ವೈಫೈ ಊರಿಗೆ ಬಿಟ್ರು. ವ್ಯಾಕ್ಸಿನ್ ಸ್ಲಾಟ್ ಬುಕ್ ಮಾಡಕ್ಕೆ ಓಟಿಪಿ ಬರ್ಬೇಕಲ್ಲ, ನಮ್ಮಲ್ಲಿ ಮರ ಹತ್ತಿದ್ರೂ ನೆಟ್‌ವರ್ಕ್ ಇಲ್ಲ, ಅವ್ರ ಜಗಲೀಲಿ ಕೂತು ಒಬ್ಬ ಹುಡುಗಿ ಊರವರದ್ದೆಲ್ಲ ರಿಜಿಸ್ಟರ್ ಮಾಡಿದ್ಲು. ಸಂಜೆ ಮಕ್ಕಳು ಅಲ್ಲೇ ಆನ್‌ಲೈನ್ ಕ್ಲಾಸ್ ಕೇಳೋರು. ಕಿಟ್ ಕೊಟ್ಟು ಫೋಟೋ ತೆಗೆಸಿ ಹೋದೋರೂ ಬಂದಿದ್ರು. ಅಕ್ಕಿ ತಲೆಗೆ 5 ಕೆಜಿ ಸರ್ಕಾರದ್ದೇ ಬರ್ತಿತ್ತು, ನಮಗೆ ಬೇಕಾಗಿದ್ದು ಎಣ್ಣೆ, ಬೇಳೆ, ಸೋಪು, ಹೆಣ್ಮಕ್ಕಳ ಪ್ಯಾಡು. ದಯವಿಟ್ಟು ಕೇಳಿ ಕೊಡಿ.

ಶಿವಮೊಗ್ಗದವನು, ಮೊದಲು ಉಗಾಂಡದಲ್ಲಿ ಹೋಟೆಲ್ ಕೆಲಸ:
ಸಫಾರಿ ಅಂದ್ರೆ ಆಫ್ರಿಕಾ, ಅಲ್ಲೂ ಇದೇ ಕಥೆ, ನಮಗಿಂತ ಕಷ್ಟ. ಬ್ವಿಂಡಿ ಅನ್ನೋ ಕಾಡಲ್ಲಿ ಗೊರಿಲ್ಲಾ ನೋಡಕ್ಕೆ ಜನ ಬರೋದು, ಪ್ರತಿ ಪರ್ಮಿಟ್ಟಿಂದ 10 ಡಾಲರ್ ಸುತ್ತಲಿನ ಹಳ್ಳಿಗಳಿಗೆ ಹೋಗತ್ತೆ. 2020 ಮಾರ್ಚಲ್ಲಿ ಎಲ್ಲ ನಿಂತ್ಮೇಲೆ ಪೋರ್ಟರು, ಗೈಡು, ಕರಕುಶಲ ಮಾರೋರು ಎಲ್ರೂ ಬರಿಗೈ. ಆ ಜೂನಲ್ಲಿ ರಫಿಕಿ ಅನ್ನೋ ಹೆಸರಾದ ಗೊರಿಲ್ಲಾ, ಗುಂಪಿನ ಯಜಮಾನ ಅದು, ಬೇಟೆಗೆ ಹೋದವನ ಕೈಲಿ ಸತ್ತುಹೋಯ್ತು. ಹಿಡಿದು 11 ವರ್ಷ ಜೈಲು ಹಾಕಿದ್ರು, ಆದ್ರೆ ಹೋದ ಗೊರಿಲ್ಲಾ ಬರತ್ತಾ? ಅಲ್ಲಿನ ಪಶುವೈದ್ಯೆ ಗ್ಲಾಡಿಸ್ ಕಲೆಮಾ ಝಿಕುಸೋಕಾ ಅವರ ಸಂಸ್ಥೆ ಆವಾಗ ಹಳ್ಳಿ ಮನೆಗಳಿಗೆ ಬೇಗ ಬೆಳೆಯೋ ತರಕಾರಿ ಬೀಜ, ಸಸಿ ಹಂಚಿತು. ಹೊಟ್ಟೆ ತುಂಬಿದ್ರೆ ಯಾರು ಉರುಳು ಹಾಕಕ್ಕೆ ಹೋಗ್ತಾರೆ? ನಮ್ಮಲ್ಲೂ ಲಾಕ್‌ಡೌನಲ್ಲಿ ಕಾಡುಹಂದಿ, ಜಿಂಕೆ ಅಂತ ಕೆಲವರು ಇಳಿದ್ರು. ನಿಮ್ಮ ನ್ಯಾಚುರಲಿಸ್ಟ್‌ಗಳನ್ನ ಮನೇಲಿ ಕೂರಿಸ್ಬೇಡಿ, ಇಲಾಖೆಯೋರ ಒಪ್ಪಿಗೆ ತಗೊಂಡು ವಾಚರ್‌ಗಳ ಜೊತೆ ಕಳ್ಸಿ, ಬೇಸಿಗೇಲಿ ಬೆಂಕಿ ನೋಡ್ಕೊಳ್ಳಕ್ಕೂ ಕೈ ಬೇಕು.

ಶಿವಮೊಗ್ಗ, ಅಕೌಂಟ್ಸ್ ನೋಡೋರು:
ದುಡ್ಡಿನ ವಿಷಯ ಚುಟುಕಾಗಿ. ಮಾರ್ಚಿಂದ ಆಗಸ್ಟ್ 2020ರ ತನಕ ಕಂತು ಮುಂದೂಡಕ್ಕೆ ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿತ್ತು, ಅದು ಮನ್ನಾ ಅಲ್ಲ, ಬಡ್ಡಿ ಬೆಳೀತಾನೇ ಇತ್ತು, ಬಹಳ ಜನ ಇದನ್ನ ಮನ್ನಾ ಅಂತಲೇ ತಿಳ್ಕೊಂಡ್ರು. ಅಡಮಾನ ಇಲ್ಲದ ತುರ್ತು ಸಾಲ ಬಂದಾಗ ಸಿಕ್ಕಿದ್ದು ಆಗ್ಲೇ ಬ್ಯಾಂಕಲ್ಲಿ ಸಾಲ ಇದ್ದೋರಿಗೆ, ಬಾಕಿಯ 20 ಪರ್ಸೆಂಟ್ ತನಕ. ಪಿಎಫ್‌ಗೆ ಓನರ್, ಕೆಲಸದೋರು ಸೇರಿ ಕಟ್ಟೋ 24 ಪರ್ಸೆಂಟ್ ಪೂರ್ತಿ ಸರ್ಕಾರವೇ ಕೆಲವು ತಿಂಗಳು ಕಟ್ಟಿತು, ಅದು ನೂರು ಜನರ ಒಳಗಿನ, ಹೆಚ್ಚಿನೋರಿಗೆ 15,000ಕ್ಕಿಂತ ಕಮ್ಮಿ ಸಂಬಳ ಇರೋ ಸಂಸ್ಥೆಗಳಿಗೆ. ಹುಡುಗರನ್ನ ಪಿಎಫ್‌ಗೆ ಸೇರಿಸಿದ್ದ ಓನರಿಗೆ ಅದು ಸಿಕ್ತು, ಕೈಗೆ ಕ್ಯಾಶ್ ಕೊಡ್ತಿದ್ದೋರಿಗೆ ಇಲ್ಲ. ಮತ್ತೆ ಗೆಸ್ಟ್ ಅಡ್ವಾನ್ಸ್ ಬೇರೆ ಅಕೌಂಟಲ್ಲೇ ಇಡಿ, ಅವ್ರು ಬಂದು ಹೋಗೋ ತನಕ ಅದು ನಿಮ್ಮ ದುಡ್ಡಲ್ಲ.

ಕೇಳಿದವರು:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಮ್ಯಾನೇಜರ್ ಸರ್, ಮತ್ತೆ ತೆರೆಯೋವಾಗ ಬೆಂಗಳೂರಿಂದ ಗೆಸ್ಟ್ ಬರೋದಕ್ಕೆ ಊರಿನೋರು ಒಪ್ಪಿದ್ರಾ?

ಕಾಡಂಚಿನ ರೆಸಾರ್ಟ್ ಒಂದರ ಮ್ಯಾನೇಜರ್:
ಸುಲಭಕ್ಕೆ ಒಪ್ಪಲಿಲ್ಲ ಸರ್. ಶಿವಮೊಗ್ಗ ಜಿಲ್ಲೆ 2020ರ ಮೇ 10ರ ತನಕ ಒಂದೂ ಕೇಸ್ ಇಲ್ಲದ ಗ್ರೀನ್ ಝೋನ್, ಕೆಲವು ಊರಲ್ಲಿ ರಸ್ತೆಗೇ ಮರ ಅಡ್ಡ ಹಾಕಿದ್ರು, ಅವರ ಭಯ ಸುಳ್ಳಾಗಿರ್ಲಿಲ್ಲ. ಸರ್ಕಾರ ಪರ್ಮಿಷನ್ ಕೊಟ್ಟಿದೆ ಅಂತ ನಾವು ಆರ್ಡರ್ ತೋರ್ಸಕ್ಕೆ ಹೋಗ್ಲಿಲ್ಲ, ಪಂಚಾಯ್ತಿ ಕಟ್ಟೇಲಿ ಊರಿನೋರ ಜೊತೆ ಕೂತ್ವಿ. ಅವ್ರು ಹೇಳಿದ್ದು ಇಷ್ಟು. ಗೆಸ್ಟ್ ಊರೊಳಗೆ, ದೇವಸ್ಥಾನಕ್ಕೆ ಬರ್ಬಾರ್ದು, ಅರ್ಧ ರೂಮ್ ಮಾತ್ರ ತುಂಬಿಸ್ಬೇಕು, ಮನೇಲಿ ವಯಸ್ಸಾದೋರು ಇರೋ ಹುಡುಗರು ಸೀಸನ್ ಮುಗಿಯೋ ತನಕ ಲಾಡ್ಜಲ್ಲೇ ಉಳೀಬೇಕು, ಯಾರಿಗಾದ್ರೂ ಜ್ವರ ಬಂದ್ರೆ ಅವತ್ತೇ ಊರಿಗೆ ಹೇಳ್ಬೇಕು. ನಾಲ್ಕಕ್ಕೂ ಹೂಂ ಅಂದ್ವಿ. ಹುಡುಗರಿಗೆ ಎರಡು ಕಾಟೇಜ್ ಬಿಟ್ಕೊಟ್ವಿ, ಗೆಸ್ಟಿಗೆ ಬುಕಿಂಗ್ ಟೈಮಲ್ಲೇ ಷರತ್ತು ಹೇಳಿದ್ವಿ, ಒಪ್ಪದವರು ಬರ್ಲಿಲ್ಲ. ಮೊದ್ಲು ಬಂದೋರು ಬೆಂಗಳೂರಿನೋರಲ್ಲ, ಶಿವಮೊಗ್ಗ, ದಾವಣಗೆರೆ, ಭದ್ರಾವತಿ ಫ್ಯಾಮಿಲಿಗಳು, ಒಂದೇ ರಾತ್ರಿ ಉಳಿಯೋರು. ರೇಟ್ ಸ್ವಲ್ಪ ಇಳಿಸಿದ್ವಿ, ಅರ್ಧ ಮಾಡ್ಲಿಲ್ಲ, ಒಮ್ಮೆ ಅರ್ಧ ಮಾಡಿದ್ರೆ ಏರಿಸಕ್ಕೆ ವರ್ಷಗಟ್ಲೆ ಬೇಕು. ಜ್ವರ ಬಂದಾಗ ಊರಿಗೆ ಹೇಳೋ ಮಾತು 2021ರ ಏಪ್ರಿಲ್ ಕೊನೇಲಿ ಪರೀಕ್ಷೆಗೆ ಬಂತು, ಅಡುಗೆಮನೇಲಿ ಇಬ್ಬರಿಗೆ ಪಾಸಿಟಿವ್ ಆಯ್ತು. ಅವತ್ತೇ ಸಂಜೆ ಪಂಚಾಯ್ತಿಗೆ ಫೋನ್ ಮಾಡಿ ಹೇಳಿ ಗೇಟ್ ಹಾಕಿದ್ವಿ. ಊರಿನೋರು ಬೈತಾರೆ ಅಂದ್ಕೊಂಡಿದ್ವಿ, ಎರಡನೇ ದಿನದಿಂದ ಗೇಟ್ ಹತ್ರ ಗಂಜಿ, ಕಷಾಯದ ಕ್ಯಾನ್ ಇಟ್ಟು ಹೋಗೋರು.