ರಾತ್ರಿ ಹೊತ್ತು ಮೆಟ್ರೊ ರೈಲುಗಳು ಎಲ್ಲಿ ತಂಗುತ್ತವೆ?

ಇಂದಿರಾನಗರದ ಪ್ರಯಾಣಿಕ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರು ಮೆಟ್ರೊದ ನೇರಳೆ ಮಾರ್ಗದಲ್ಲಿ ದಿನವೂ ಓಡಾಡುವವನು. ಸಂಜೆಯ ನೂಕುನುಗ್ಗಲಿನಲ್ಲಿ ಒಂದರ ಹಿಂದೊಂದು ಬರುವ ಆರು ಬೋಗಿಗಳ ರೈಲುಗಳು ರಾತ್ರಿ ಹತ್ತರ ನಂತರ ವಿರಳವಾಗುತ್ತಾ ಬಂದು, ಮಧ್ಯರಾತ್ರಿಯ ಹೊತ್ತಿಗೆ ಒಂದೂ ಕಾಣದಂತಾಗುತ್ತವೆ. ಬೈಯಪ್ಪನಹಳ್ಳಿಯಲ್ಲಿ ಡಿಪೊ ಇದೆ ಎಂಬುದು ಗೊತ್ತು. ಆದರೆ ವೈಟ್‌ಫೀಲ್ಡ್‌ನಿಂದ ಚಲ್ಲಘಟ್ಟದವರೆಗೆ 43 ಕಿ.ಮೀ.ಗೂ ಹೆಚ್ಚು ಉದ್ದವಿರುವ ಮಾರ್ಗದ ಅಷ್ಟೂ ರೈಲುಗಳು ಅದೊಂದೇ ಜಾಗಕ್ಕೆ ಹೋಗಿ ನಿಲ್ಲಲು ಸಾಧ್ಯವೇ? ಕೊನೆಯ ಟ್ರಿಪ್ ಮುಗಿಸಿದ ರೈಲನ್ನು ಅದು ತಲುಪಿದ ನಿಲ್ದಾಣದಲ್ಲೇ ಬಿಟ್ಟರೆ, ಬೆಳಿಗ್ಗೆ ಎಲ್ಲ ಬಡಾವಣೆಗಳಿಂದಲೂ ಒಂದೇ ಹೊತ್ತಿಗೆ ಸೇವೆ ಆರಂಭಿಸಬಹುದಲ್ಲವೇ? ಬಲ್ಲವರು ವಿವರಿಸಿದರೆ ಉಪಕಾರವಾಗುತ್ತದೆ.

ಹಳಿಯ ಹತ್ತಿರ

ಒಳ್ಳೆಯ ಪ್ರಶ್ನೆ ಕೇಳಿದ್ದೀರಿ ಸರ್. ರೈಲು ರಾತ್ರಿ ಎಲ್ಲಿ ತಂಗುತ್ತದೆ ಎಂಬುದರ ಮೇಲೆಯೇ ಬೆಳಗಿನ ಮೊದಲ ರೈಲು ನಿಮಗೆ ಎಷ್ಟು ಹೊತ್ತಿಗೆ ಸಿಗುತ್ತದೆ ಎಂಬುದು ನಿಂತಿರುವುದರಿಂದ ಇದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ನೇರಳೆ ಮಾರ್ಗಕ್ಕೆ ಈಗ ಮೂರು ಡಿಪೊಗಳಿವೆ. ಪೂರ್ವದ ತುದಿಯಲ್ಲಿ ಕಾಡುಗೋಡಿ, ಪಶ್ಚಿಮದ ತುದಿಯಲ್ಲಿ ಚಲ್ಲಘಟ್ಟ, ನಡುವೆ ಬೈಯಪ್ಪನಹಳ್ಳಿ. 2011ರ ಅಕ್ಟೋಬರ್‌ನಲ್ಲಿ ಎಂ.ಜಿ. ರಸ್ತೆಯವರೆಗಿನ ಮೊದಲ ತುಂಡು ಆರಂಭವಾದಾಗ ಬೈಯಪ್ಪನಹಳ್ಳಿಯೇ ಮಾರ್ಗದ ಕೊನೆಯಾಗಿತ್ತು. 2023ರಲ್ಲಿ ಮಾರ್ಗ ವೈಟ್‌ಫೀಲ್ಡ್‌ವರೆಗೆ ಬೆಳೆದ ಮೇಲೆ ಅದು ನಡುವಿನ ಡಿಪೊ ಆಯಿತು. ಹಸಿರು ಮಾರ್ಗದಲ್ಲೂ ಹೀಗೆಯೇ ಆಗಿದೆ: ಪೀಣ್ಯ ಡಿಪೊವನ್ನು ದಾಟಿ ಹಳಿಗಳು ಮಾದಾವರದವರೆಗೆ ಹೋಗಿವೆ, ದಕ್ಷಿಣದ ತುದಿಗೆ ಅಂಜನಾಪುರ ಡಿಪೊ ಸೇರಿದೆ. ನಡುವಿನ ಡಿಪೊದಿಂದ ಒಂದು ಅನುಕೂಲವೂ ಇದೆ. ದಟ್ಟಣೆಯ ಹೊತ್ತಿಗೆ ಅಲ್ಲಿಂದ ಎರಡೂ ದಿಕ್ಕಿಗೆ ರೈಲುಗಳನ್ನು ಹೊರಡಿಸಬಹುದು, ದಟ್ಟಣೆ ಇಳಿದ ಮೇಲೆ ಖಾಲಿ ರೈಲನ್ನು ತುದಿಯವರೆಗೆ ಓಡಿಸದೆ ಹಿಂದಕ್ಕೆ ಕರೆಸಿಕೊಳ್ಳಬಹುದು.

ಡಿಪೊ ಕೇವಲ ನಿಲುಗಡೆಯ ಜಾಗವಲ್ಲ. ಅಲ್ಲಿ ಒಂದರ ಪಕ್ಕ ಒಂದರಂತೆ ಹಾಸಿರುವ ನೇರ ಹಳಿಗಳಿಗೆ ಸ್ಟೇಬ್ಲಿಂಗ್ ಲೈನ್ ಎನ್ನುತ್ತಾರೆ. ಸುಮಾರು 130 ಮೀಟರ್ ಉದ್ದದ ರೈಲುಗಳು ಅವುಗಳ ಮೇಲೆ ಸಾಲಾಗಿ ನಿಲ್ಲುತ್ತವೆ. ಒಳಗೆ ಬರುವ ರೈಲನ್ನು ತೊಳೆಯುವ ಯಂತ್ರದ ನಡುವೆ ನಿಧಾನವಾಗಿ ಹಾಯಿಸುತ್ತಾರೆ. ಕಸಗುಡಿಸುವವರು, ಸೀಟು ಒರೆಸುವವರು ಒಳಗೆ ಹತ್ತುತ್ತಾರೆ. ಪಿಟ್ ಲೈನ್ ಎಂಬಲ್ಲಿ ಹಳಿಗಳ ನಡುವೆ ಆಳವಾದ ಗುಂಡಿ ಇರುತ್ತದೆ. ತಂತ್ರಜ್ಞರು ಅದರೊಳಗೆ ಇಳಿದು ಬ್ರೇಕ್, ಚಕ್ರ, ವಿದ್ಯುತ್ ಹಿಡಿಯುವ ಶೂಗಳನ್ನು ಕೆಳಗಿನಿಂದಲೇ ಪರೀಕ್ಷಿಸುತ್ತಾರೆ. ಬೆಳಗಿನ ಜಾವ ಚಾಲಕರು ತಮಗೆ ಕೊಟ್ಟ ರೈಲಿನ ಬ್ರೇಕ್, ಬಾಗಿಲು, ದೀಪ, ಹಾರನ್ ಎಲ್ಲವನ್ನೂ ನೋಡಿಕೊಂಡ ನಂತರವೇ ಅದನ್ನು ಡಿಪೊದಿಂದ ಹೊರಕ್ಕೆ ತರುತ್ತಾರೆ.

ಇನ್ನು ನಿಲ್ದಾಣದಲ್ಲೇ ಏಕೆ ಬಿಡಬಾರದು ಎಂಬ ಮಾತು. ಕೊನೆಯ ರೈಲು ಹೋದ ಮೇಲೆ ಮೊದಲ ರೈಲು ಬರುವವರೆಗಿನ ನಾಲ್ಕೈದು ಗಂಟೆಗಳೇ ಹಳಿ ನೋಡಿಕೊಳ್ಳುವವರಿಗೆ ಸಿಗುವ ಸಮಯ. ನಮ್ಮ ಮೆಟ್ರೊದಲ್ಲಿ 750 ವೋಲ್ಟ್‌ನ ವಿದ್ಯುತ್ತು ತಲೆಯ ಮೇಲಿನ ತಂತಿಯಲ್ಲಿ ಹರಿಯುವುದಿಲ್ಲ, ಹಳಿಯ ಪಕ್ಕದಲ್ಲೇ ಇರುವ ಮೂರನೇ ಹಳಿಯಲ್ಲಿ ಹರಿಯುತ್ತದೆ. ಅದನ್ನು ಕಡಿತಗೊಳಿಸದೆ ಯಾರೂ ಹಳಿಗಿಳಿದು ಕೆಲಸ ಮಾಡುವಂತಿಲ್ಲ. ಅಲ್ಲಲ್ಲಿ ರೈಲುಗಳು ನಿಂತಿದ್ದರೆ ದುರಸ್ತಿ ವಾಹನಗಳಿಗೆ ದಾರಿ ಸಿಗುವುದಿಲ್ಲ, ವಿದ್ಯುತ್ತಿಲ್ಲದ ರೈಲಿನಲ್ಲಿ ಬ್ಯಾಟರಿಯ ಮೇಲಷ್ಟೇ ದೀಪ ಉರಿಯಬೇಕು, ಸ್ವಚ್ಛತೆಗೂ ಕಾವಲಿಗೂ ನಿಲ್ದಾಣಕ್ಕೊಂದು ತಂಡ ಬೇಕಾಗುತ್ತದೆ. ಹೀಗಾಗಿ ಡಿಪೊದ ಹೊರಗೆ ತಂಗಿಸಲೇಬೇಕಾಗಿ ಬಂದರೆ ಕೊನೆಯ ನಿಲ್ದಾಣದ ಆಚೆ ರೈಲು ತಿರುಗಲೆಂದು ಬಿಟ್ಟಿರುವ ಹಳಿ, ಅಥವಾ ಎರಡು ಹಳಿಗಳ ನಡುವಿನ ಪಾಕೆಟ್ ಟ್ರ್ಯಾಕ್ ಸೂಕ್ತವಾದ ಜಾಗ. ಅಲ್ಲಿಯಾದರೂ ಒಂದೆರಡು ರೈಲುಗಳಿಗಿಂತ ಹೆಚ್ಚು ಹಿಡಿಯುವುದಿಲ್ಲ.

ತುದಿಯಲ್ಲಿ ಡಿಪೊ ಇಲ್ಲದಿದ್ದರೆ ಏನಾಗುತ್ತದೆ ಎಂದು ಯೋಚಿಸಿ ನೋಡಿ. ನೇರಳೆ ಮಾರ್ಗದ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಲು ಒಂದು ಗಂಟೆಗೂ ಮೀರಿದ ಸಮಯ ಬೇಕು. ಎಲ್ಲ ರೈಲುಗಳೂ ಕಾಡುಗೋಡಿಯಲ್ಲೇ ಮಲಗಿದ್ದರೆ, ಚಲ್ಲಘಟ್ಟದಿಂದ ಬೆಳಿಗ್ಗೆ ಐದಕ್ಕೆ ಹೊರಡಬೇಕಾದ ರೈಲು ನಾಲ್ಕಕ್ಕೂ ಮೊದಲೇ ಖಾಲಿಯಾಗಿ ಕಾಡುಗೋಡಿ ಬಿಡಬೇಕು. ಅಂದರೆ ದುರಸ್ತಿಯವರ ಸಮಯ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ಎರಡೂ ತುದಿಗಳಲ್ಲಿ ಡಿಪೊ ಇರಬೇಕು ಎನ್ನುವುದು ಇದೇ ಕಾರಣಕ್ಕೆ.

ಡೊಂಬಿವಲಿ ಕನ್ನಡಿಗ

ಮೇಲಿನ ಉತ್ತರ ಮೆಟ್ರೊಗೆ ಸರಿಯಾಗಿ ಒಪ್ಪುತ್ತದೆ. ಮುಂಬೈ ಲೋಕಲ್‌ನಲ್ಲಿ ಮಾತ್ರ ಕ್ರಮ ಬೇರೆ. ಇಲ್ಲಿ ಡಿಪೊ ಎನ್ನುವುದಿಲ್ಲ, ಕಾರ್ ಶೆಡ್ ಎನ್ನುತ್ತಾರೆ. ಪಶ್ಚಿಮ ರೈಲ್ವೆಗೆ ಮುಂಬೈ ಸೆಂಟ್ರಲ್, ಕಾಂದಿವಲಿ, ವಿರಾರ್‌ಗಳಲ್ಲಿಯೂ ಮಧ್ಯ ರೈಲ್ವೆಗೆ ಕುರ್ಲಾ, ಕಳವಾ, ಸಾನ್‌ಪಾಡಾಗಳಲ್ಲಿಯೂ ಇವು ಇವೆ. ಆದರೆ ಹನ್ನೆರಡು ಮತ್ತು ಹದಿನೈದು ಬೋಗಿಗಳ ಇಷ್ಟೊಂದು ರೇಕುಗಳನ್ನು (ಜೋಡಿಸಿದ ಇಡೀ ರೈಲಿಗೆ ರೇಕು ಎನ್ನುತ್ತಾರೆ) ಪ್ರತಿ ರಾತ್ರಿ ಶೆಡ್‌ಗೆ ಸೇರಿಸುವುದು ಆಗದ ಮಾತು. ಆದ್ದರಿಂದ ಬಹಳಷ್ಟು ರೇಕುಗಳು ಟರ್ಮಿನಸ್‌ಗಳ ಪ್ಲಾಟ್‌ಫಾರ್ಮ್‌ಗಳಲ್ಲಿ, ಯಾರ್ಡ್‌ಗಳಲ್ಲಿ, ದೂರದ ನಿಲ್ದಾಣಗಳ ಸೈಡಿಂಗ್ ಎಂಬ ಪಕ್ಕದ ಹಳಿಗಳಲ್ಲಿ ರಾತ್ರಿ ಕಳೆಯುತ್ತವೆ. ಕಸಾರಾ, ಕರ್ಜತ್‌ನಂಥ ದೂರದ ಊರುಗಳಿಂದ ನಸುಕಿನಲ್ಲೇ ಮುಂಬೈ ಕಡೆಗೆ ಲೋಕಲ್ ಹೊರಡುವುದಕ್ಕೆ ಇದೇ ಆಧಾರ. ಕೆಲಸಕ್ಕೆ ಹೋಗುವವರು ಇರುವುದು ಆ ತುದಿಯಲ್ಲಿ, ರೈಲೂ ಅಲ್ಲೇ ಇರಬೇಕು.

ಹಾಗೆ ನಿಲ್ಲಿಸುವಾಗ ಮೋಟರ್‌ಮನ್, ಅಂದರೆ ಚಾಲಕರು, ರೈಲಿನ ಮೇಲೆ ವಿದ್ಯುತ್ ಹಿಡಿಯುವ ಚೌಕಟ್ಟಾದ ಪ್ಯಾಂಟೋಗ್ರಾಫನ್ನು ಇಳಿಸುತ್ತಾರೆ. ಮೇಲಿನ ತಂತಿಯ ಸಂಪರ್ಕ ತಪ್ಪಿದೊಡನೆ ಫ್ಯಾನುಗಳ ಸದ್ದು ಅಡಗಿ ಬೋಗಿಗಳೆಲ್ಲ ಕತ್ತಲಾಗುತ್ತವೆ. ರೇಕು ತಾನಾಗಿ ಉರುಳದಂತೆ ಬ್ರೇಕಿನ ಜೊತೆಗೆ ಚಕ್ರಗಳಿಗೆ ಮರದ ಬೆಣೆ ಕೊಡುವುದೂ ರೈಲ್ವೆಯ ಹಳೆಯ ಪದ್ಧತಿ. ರೈಲು ತಂಗಿದ ಊರಿನಲ್ಲಿ ಸಿಬ್ಬಂದಿಯೂ ತಂಗಬೇಕಾಗುವುದರಿಂದ ರನ್ನಿಂಗ್ ರೂಮ್ ಎಂಬ ವಿಶ್ರಾಂತಿ ಕೊಠಡಿ ಬೇಕು, ಊಟದ ವ್ಯವಸ್ಥೆ ಬೇಕು. ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂಬುದು ನನಗೆ ಬೇಸರದ ಸಂಗತಿ.

ಹಳಿಯ ದುರಸ್ತಿಗೆ ಇಲ್ಲಿ ರಾತ್ರಿ ಸಿಗುವುದು ಸುಮಾರು ಮೂರು ಗಂಟೆ ಮಾತ್ರ. ಅದು ಸಾಲದೆ ಭಾನುವಾರಗಳಂದು ಹಗಲಿನಲ್ಲೇ ಕೆಲವು ಹಳಿಗಳನ್ನು ಗಂಟೆಗಟ್ಟಲೆ ಮುಚ್ಚುತ್ತಾರೆ. ಮುಂಬೈಯವರೆಲ್ಲ ಬಲ್ಲ ಮೆಗಾ ಬ್ಲಾಕ್ ಎಂದರೆ ಅದೇ.

ಇಂದಿರಾನಗರದ ಪ್ರಯಾಣಿಕ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಒಂದು ಸಂದೇಹ ಉಳಿದಿದೆ. ಹಳದಿ ಮಾರ್ಗಕ್ಕೆ ಹೆಬ್ಬಗೋಡಿಯಲ್ಲಿ ಒಂದೇ ಡಿಪೊ ಇದೆಯಲ್ಲ, ಆರ್.ವಿ. ರಸ್ತೆಯ ಕಡೆಗೂ ಒಂದನ್ನು ಕಟ್ಟಬೇಕಿತ್ತಲ್ಲವೇ?

ಹಳಿಯ ಹತ್ತಿರ

ಹಳದಿ ಮಾರ್ಗದ ಒಟ್ಟು ಉದ್ದ 19 ಕಿ.ಮೀ. ಚಿಲ್ಲರೆ. ಆ ದೂರಕ್ಕೆ ಒಂದು ಡಿಪೊ ನಡೆಯುತ್ತದೆ. ಬೆಳಗಿನ ಮೊದಲ ರೈಲು ಈ ಕಡೆಯಿಂದ ಆ ಕಡೆಗೆ ಹೋಗಲು ಹೆಚ್ಚು ಸಮಯ ಹಿಡಿಯುವುದಿಲ್ಲ. ಅಲ್ಲದೆ ಆರ್.ವಿ. ರಸ್ತೆ, ಜಯನಗರದ ಆಸುಪಾಸಿನಲ್ಲಿ ಎಕರೆಗಟ್ಟಲೆ ಸಮತಟ್ಟಾದ ಖಾಲಿ ಜಾಗ ಎಲ್ಲಿದೆ? ಗುಲಾಬಿ ಮಾರ್ಗಕ್ಕೂ ಇದೇ ಕಾರಣದಿಂದ ದಕ್ಷಿಣದ ಹೊರವಲಯದ ಕೊತ್ತನೂರಿನಲ್ಲಿ ಡಿಪೊ ಬಂದಿದೆ.

ಜಾಗದ ಪ್ರಶ್ನೆಯನ್ನು ಕಡೆಗೆ ನೋಡಿಕೊಳ್ಳೋಣ ಎಂದು ಬಿಟ್ಟರೆ ಎಷ್ಟು ಕಷ್ಟವಾಗುತ್ತದೆ ಎಂಬುದಕ್ಕೆ ಮುಂಬೈ ಮೆಟ್ರೊ 3ರ ಆರೆ ಕಾರ್ ಶೆಡ್ ಕಣ್ಣೆದುರಿಗಿದೆ. 2019ರ ಅಕ್ಟೋಬರ್‌ನಲ್ಲಿ ಅಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮರಗಳು ಉರುಳಿದವು, ಸುಪ್ರೀಂ ಕೋರ್ಟ್ ಮಧ್ಯೆ ಬಂದು ಮತ್ತಷ್ಟು ಮರ ಕಡಿಯದಂತೆ ತಡೆಯಿತು. 2020ರಲ್ಲಿ ಶೆಡ್ಡನ್ನು ಕಾಂಜೂರ್‌ಮಾರ್ಗಕ್ಕೆ ಒಯ್ಯುವ ತೀರ್ಮಾನವಾಗಿ, 2022ರಲ್ಲಿ ಸರ್ಕಾರ ಬದಲಾದ ಮೇಲೆ ಮತ್ತೆ ಆರೆಗೇ ಬಂದಿತು. ಮಾರ್ಗದ ಮೊದಲ ಭಾಗ ತೆರೆದದ್ದು 2024ರಲ್ಲಿ.

ತುದಿಯ ಡಿಪೊ ಮೊದಲೇ ಸಿದ್ಧವಾಗಿದ್ದರೆ ಆಗುವ ಪ್ರಯೋಜನವನ್ನು ನಮ್ಮ ಊರೇ ಕಂಡಿದೆ. 2023ರ ಮಾರ್ಚ್‌ನಲ್ಲಿ ವೈಟ್‌ಫೀಲ್ಡ್–ಕೆ.ಆರ್. ಪುರ ಭಾಗ ಆರಂಭವಾದಾಗ ಬೈಯಪ್ಪನಹಳ್ಳಿಗೆ ಹಳಿಯ ಸಂಪರ್ಕ ಇನ್ನೂ ಆಗಿರಲಿಲ್ಲ. ಬೋಗಿಗಳನ್ನು ಟ್ರೇಲರ್‌ಗಳ ಮೇಲೆ ರಸ್ತೆಯಲ್ಲೇ ಸಾಗಿಸಿ ಕಾಡುಗೋಡಿಗೆ ಮುಟ್ಟಿಸಿದ್ದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಎರಡೂ ಕಡೆ ಕೂಡುವವರೆಗೆ ಆ ರೈಲುಗಳ ತಂಗುವಿಕೆ, ತೊಳೆಯುವಿಕೆ, ತಪಾಸಣೆ ಎಲ್ಲವನ್ನೂ ಕಾಡುಗೋಡಿ ಡಿಪೊ ಒಂದೇ ನಿಭಾಯಿಸಿತು.